ಹೇಮಾವತಿ ಮೇಲ್ದಂಡೆಯ ನಕ್ಷೆ: ಪಿಎಚ್‌ಡಿ ಮುಗಿಸಿ, ಮುಂದೆ ಬರುವವರಿಗಾಗಿ ಬರೆದದ್ದು

ಕಳೆದ ತಿಂಗಳು ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಹೇಮಾವತಿ ನದಿಯ ಮೇಲ್ಭಾಗದಲ್ಲಿ ಭೂಬಳಕೆ ಹೇಗೆ ಬದಲಾಗಿದೆ ಅನ್ನುವುದು ನನ್ನ ವಿಷಯ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಕಡೆ ಹುಟ್ಟುವ ಹೊಳೆ ಸಕಲೇಶಪುರ ದಾಟಿ, ಆಲೂರು ಸೀಮೆ ಹಾದು ಗೊರೂರಿನ ಅಣೆಕಟ್ಟು ಸೇರುವವರೆಗಿನ ಜಾಗ. ನಾನು ಸೇರಿದ್ದು ಒಂದು ವಿಶ್ವವಿದ್ಯಾಲಯದ ನೈಸರ್ಗಿಕ ಸಂಪನ್ಮೂಲ ಸಂಶೋಧನಾ ಸಂಸ್ಥೆಗೆ. ಮಣ್ಣು, ನೀರು, ಕಾಡು, ಬೆಳೆ ಎಲ್ಲವನ್ನೂ ನಕ್ಷೆಗೆ ಇಳಿಸುವುದು ಅಲ್ಲಿನ ಕೆಲಸ.

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಈಗ ಈ ವಿಷಯಕ್ಕೆ ಜಾಸ್ತಿ ಬರುತ್ತಿದ್ದಾರೆ. ಯಾವ ಕಾಗದ ಮೊದಲು, ಯಾವುದು ಆಮೇಲೆ, ಎಲ್ಲಿ ಕಾಯಬೇಕು, ಎಲ್ಲಿ ದುಡ್ಡು ಹೋಗುತ್ತದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲ ಹಂತ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆಯ ಸಾರಾಂಶ. ಕೋರ್ಸ್‌ವರ್ಕ್ ಮುಗಿಸಿ, ಸಮಿತಿಯ ಮುಂದೆ ನಿಂತು ಏನು ಮಾಡುತ್ತೇನೆ ಅಂತ ಹೇಳಬೇಕು. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ. ಆರು ತಿಂಗಳಿಗೊಮ್ಮೆ ಪ್ರಗತಿ ತೋರಿಸಬೇಕು. ಆರು ವರ್ಷ ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ, ಅಲ್ವಾ? ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೀಲ್ಡ್ ಇಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಗ ತೋಟದವರಿಗೆ ನಿಂತು ಮಾತಾಡಲು ಪುರುಸೊತ್ತಿಲ್ಲ. ಸರಿಯಾಗಿ ಕೈಗೆ ಸಿಗುವುದು ಅಂದರೆ ಹೆಚ್ಚಾಗಿ ಮಾರ್ಚ್, ಏಪ್ರಿಲ್, ಮೇ. ಒಂದು ಬೇಸಿಗೆ ತಪ್ಪಿದರೆ ಒಂದು ವರ್ಷ ಹೋದಂತೆ. ಸಿನಾಪ್ಸಿಸ್‌ನಲ್ಲಿ ಹಾಕುವ ವೇಳಾಪಟ್ಟಿಯನ್ನು ಈ ಲೆಕ್ಕದಲ್ಲೇ ಬರೆಯಿರಿ.

ಆಮೇಲೆ ನಕ್ಷೆಗಳು. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಬೆಟ್ಟ, ಹೊಳೆ, ರಸ್ತೆ, ಊರು ಗುರುತಿಸಿದ ನಕ್ಷೆಯ ಹಾಳೆ, ಇಲ್ಲದೆ ಈ ಕೆಲಸ ಶುರುವಾಗುವುದಿಲ್ಲ. ಸಂತೋಷದ ವಿಷಯ ಅಂದರೆ 1:50,000 ಅಳತೆಯ ಓಪನ್ ಸೀರೀಸ್ ನಕ್ಷೆಗಳನ್ನು ಈಗ ಅವರ ಆನ್‌ಲೈನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಪಿಡಿಎಫ್ ಆಗಿ ಪುಕ್ಕಟೆ ಇಳಿಸಿಕೊಳ್ಳಬಹುದು. ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕಿದೆ. 13 ಡಿಗ್ರಿ ಅಕ್ಷಾಂಶ ಮತ್ತು 76 ಡಿಗ್ರಿ ರೇಖಾಂಶ ಕೂಡುವುದು ಹೆಚ್ಚುಕಡಿಮೆ ಆಲೂರಿನ ಹತ್ತಿರ. ಹಾಗಾಗಿ ಹಳೆಯ ಲೆಕ್ಕದಲ್ಲಿ ಹಾಸನ ಜಿಲ್ಲೆ 48 ಓ, 48 ಪಿ, 57 ಸಿ, 57 ಡಿ ಎಂಬ ನಾಲ್ಕು ಹಾಳೆಗಳಲ್ಲಿ ಹಂಚಿಹೋಗಿದೆ. ಒಂದೊಂದರಲ್ಲೂ 16 ಚಿಕ್ಕ ಹಾಳೆ. ಸಕಲೇಶಪುರ 48 ಪಿ/13ರಲ್ಲಿ ಬರುತ್ತದೆ, ಗೊರೂರು 57 ಡಿ/1ರಲ್ಲಿ. ಓಪನ್ ಸೀರೀಸ್‌ನ ನಂಬರು ಬೇರೆ, ಹಳೆಯ ಪ್ರಬಂಧಗಳಲ್ಲಿ ಇರುವ ನಂಬರು ಬೇರೆ. ಎರಡನ್ನೂ ಎದುರುಬದುರು ಬರೆದ ಒಂದು ಪಟ್ಟಿ ಮೊದಲ ದಿನವೇ ಮಾಡಿಟ್ಟುಕೊಳ್ಳಿ. ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಯುಟಿಎಂ ಲೆಕ್ಕದಲ್ಲಿ ಇಡೀ ಪ್ರದೇಶ 43 ಉತ್ತರ ವಲಯದಲ್ಲೇ ಬರುವುದರಿಂದ ಪ್ರೊಜೆಕ್ಷನ್ ವಿಷಯದಲ್ಲಿ ತಲೆನೋವಿಲ್ಲ.

ಊರ ಮಟ್ಟದ ಗಡಿಗೆ ಟೋಪೋಶೀಟ್ ಸಾಲದು, ಗ್ರಾಮ ನಕ್ಷೆ ಬೇಕು. ಅದು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಅದು ಸರಪಳಿ ಹಿಡಿದು ಅಳೆದ ಕಾಲದ ನಕ್ಷೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ನೆಲದ ಮೇಲೆ ಗಟ್ಟಿ ಗುರುತುಗಳು ಬೇಕು. ನಾನು ಬಾಂದುಕಲ್ಲುಗಳನ್ನು ಹುಡುಕಿದೆ. ಮೂರು ಊರುಗಳ ಗಡಿ ಸೇರುವ ಕಡೆ ಇರುವ ಒಂದು ಕಲ್ಲಿಗಾಗಿ ಅರ್ಧ ದಿನ ಲಂಟಾನ ಪೊದೆ ಸವರಿದ್ದು ನೆನಪಿದೆ. ಜೊತೆಗೆ ಬಂದ ಅಜ್ಜ ಕತ್ತಿಯ ಹಿಂಬದಿಯಿಂದ ಪಾಚಿ ಕೆರೆದು, ಅಂಗೈಯಲ್ಲಿ ಒರೆಸಿದರು. ಕೆಳಗೆ ಕೆತ್ತಿದ ಗುರುತು ಕಾಣಿಸಿತು. ಆ ಒಂದು ಕಲ್ಲಿನಿಂದ ಮೂರು ಗ್ರಾಮ ನಕ್ಷೆಗಳು ಒಂದಕ್ಕೊಂದು ಸರಿಯಾಗಿ ಕೂತವು. ಸಂಸ್ಥೆಯ ಲ್ಯಾಬಿನಲ್ಲಿ ವಾರಗಟ್ಟಲೆ ಎಳೆದಾಡಿದ್ದರೂ ಆಗದ ಕೆಲಸ ಅದು.

ಉಪಗ್ರಹ ಚಿತ್ರಗಳಿಗೆ ಈಗ ಹಣ ಕೊಡಬೇಕಿಲ್ಲ. ಲ್ಯಾಂಡ್‌ಸ್ಯಾಟ್ ಎಂಬ ಅಮೆರಿಕದ ಉಪಗ್ರಹಗಳ ಚಿತ್ರಸಂಗ್ರಹ 2008ರಿಂದ ಎಲ್ಲರಿಗೂ ಮುಕ್ತವಾಗಿದೆ. ಹಳೆಯ ಕಾಲದ ಚಿತ್ರಕ್ಕೆ 1984ರಲ್ಲಿ ಹಾರಿಸಿದ ಲ್ಯಾಂಡ್‌ಸ್ಯಾಟ್ 5, ಈಚಿನದಕ್ಕೆ 2013ರ ಲ್ಯಾಂಡ್‌ಸ್ಯಾಟ್ 8. ಲ್ಯಾಂಡ್‌ಸ್ಯಾಟ್ 7 ತೆಗೆದುಕೊಳ್ಳುವುದಾದರೆ 2003ರ ಮೇ ಕೊನೆಯ ಮುಂಚಿನದನ್ನೇ ನೋಡಿ, ಆಮೇಲಿನ ಚಿತ್ರಗಳಲ್ಲಿ ಕಪ್ಪು ಪಟ್ಟಿ ಬರುತ್ತವೆ. ಯುರೋಪಿನ ಸೆಂಟಿನೆಲ್ 2 ಚಿತ್ರಗಳು 2015ರಿಂದ ಸಿಗುತ್ತವೆ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್, ಸೆಂಟಿನೆಲ್‌ನದು 10 ಮೀಟರ್. ನಮ್ಮ ಇಸ್ರೋ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಚಿತ್ರಗಳು ಭೂನಿಧಿ ಪೋರ್ಟಲ್‌ನಲ್ಲಿವೆ. ನಕ್ಷೆ ಮಾಡುವ ಕ್ಯುಜಿಐಎಸ್ ತಂತ್ರಾಂಶವೂ ಪುಕ್ಕಟೆ. ಹಾಗಾಗಿ ಡೇಟಾಕ್ಕೆ ನನಗೆ ಆದ ಖರ್ಚು ಅಂದರೆ ಒಂದು ಹಾರ್ಡ್‌ಡಿಸ್ಕ್ ಮತ್ತು ಇಂಟರ್‌ನೆಟ್. ಊರಿನಲ್ಲಿ ನೆಟ್‌ವರ್ಕ್ ಸಿಗದೆ, ಒಂದೊಂದು ಚಿತ್ರ ಇಳಿಸಲು ಹಾಸನಕ್ಕೆ ಬಸ್ಸು ಹತ್ತಬೇಕಾಗುತ್ತಿತ್ತು.

ಇಷ್ಟೆಲ್ಲ ಕೂಡಿಸಿಕೊಂಡು ಮೊದಲ ನಕ್ಷೆ ಮಾಡಿದಾಗ ಸಕಲೇಶಪುರದ ಪಶ್ಚಿಮ ಭಾಗ, ಮೂಡಿಗೆರೆಯ ಸುತ್ತಮುತ್ತ ಎಲ್ಲವೂ ಕಾಡು ಅಂತ ಬಂತು. ಇದು ಎಲ್ಲರಿಗೂ ಆಗುವುದೇ. ನಮ್ಮ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಅತ್ತಿ, ಬಸರಿ, ಹಲಸು, ನೇರಳೆ, ಬೀಟೆ ಮೇಲೆ, ಕಾಫಿ ಗಿಡ ಕೆಳಗೆ. ಮೇಲಿನಿಂದ ನೋಡಿದಾಗ ಛತ್ರಿ ಕಾಣುತ್ತದೆ, ಕೆಳಗೆ ನಿಂತವರು ಯಾರು ಅಂತ ಕಾಣುವುದಿಲ್ಲ. ನನ್ನ ಪಿಎಚ್‌ಡಿಯ ಮುಕ್ಕಾಲು ಪಾಲು ಹೋದದ್ದು ಈ ಒಂದು ಪ್ರಶ್ನೆಗೆ. ನನ್ನ ಮಟ್ಟಿಗೆ ಮುಖ್ಯವಾದದ್ದೂ ಇದೇ.

ಯಾಕೆ ಮುಖ್ಯ ಅಂದರೆ, ಈ ಗೊಂದಲ ಕಂಪ್ಯೂಟರಿನೊಳಗೆ ಉಳಿಯುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ ಅರಣ್ಯ ಹೊದಿಕೆ ಅಂದರೆ ಒಂದು ಹೆಕ್ಟೇರ್‌ಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಮರದ ಹರವಿರುವ ಯಾವ ಜಾಗವಾದರೂ ಆಗಬಹುದು. ಮಾಲೀಕರು ಯಾರು, ಕಾನೂನಿನಲ್ಲಿ ಅದು ಏನು ಅಂತ ಅಲ್ಲಿ ನೋಡುವುದಿಲ್ಲ. ಅದು ಅವರ ಲೆಕ್ಕಕ್ಕೆ ಸರಿ. ನಮ್ಮ ಜಿಲ್ಲೆಗಳ ಅಂಕಿ ಹಿಡಿದು ಕಾಡು ಹೆಚ್ಚಿತು, ಕಮ್ಮಿಯಾಯಿತು ಅಂತ ಬರೆಯುವ ಮೊದಲು ಮಾತ್ರ ಇದು ಗೊತ್ತಿರಬೇಕು. ಪಶ್ಚಿಮ ಘಟ್ಟದ ಬಗ್ಗೆ 2013ರಲ್ಲಿ ಬಂದ ಕಸ್ತೂರಿರಂಗನ್ ವರದಿ ಕೂಡ ಉಪಗ್ರಹ ಚಿತ್ರಗಳ ಆಧಾರದಲ್ಲೇ ಸಹಜ ಕಾಡು ಯಾವುದು, ಜನ ಬಳಸುವ ನೆಲ ಯಾವುದು ಅಂತ ಬೇರೆ ಮಾಡಿತ್ತು. ತೋಟಗಳನ್ನೂ ಕಾಡಿಗೆ ಸೇರಿಸಿದ್ದಾರೆ ಅನ್ನುವುದು ಮಲೆನಾಡಿನ ಬೆಳೆಗಾರರ ದೊಡ್ಡ ದೂರು. ಕರ್ನಾಟಕದ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಆ ವರದಿಯನ್ನು ತಿರಸ್ಕರಿಸಿತು. ಇದೆಲ್ಲ ಪೇಪರಿನಲ್ಲಿ ಓದಿದ ಸುದ್ದಿ ಅಂದುಕೊಂಡು ಫೀಲ್ಡಿಗೆ ಹೋದರೆ, ಗೇಟಿನಲ್ಲೇ ಅದು ಎದುರಾಗುತ್ತದೆ.

ನನಗೂ ಹಾಗೇ ಆಯಿತು. ಸಕಲೇಶಪುರದ ಕಡೆ ಒಂದು ತೋಟದ ಅಂಚಿನಲ್ಲಿ ಜಿಪಿಎಸ್ ಹಿಡಿದು ನಿಂತಿದ್ದೆ. ಗೌಡರೊಬ್ಬರು ಜೀಪು ನಿಲ್ಲಿಸಿ ಇಳಿದು ಬಂದರು.

‘ಏನಮ್ಮ ಇದು ಮಿಷನ್ನು? ನಮ್ ತೋಟನೂ ಕಾಡು ಅಂತ ಬರ್ಕೊಂಡು ಹೋಗೋಕೆ ಬಂದ್ರಾ?’

ನಾನು ವಿದ್ಯಾರ್ಥಿನಿ, ಇದು ಓದಿನ ಕೆಲಸ ಅಂತ ಹೇಳಿದೆ. ಐಡಿ ಕಾರ್ಡ್ ತೋರಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಸಂಸ್ಥೆಯ ಪತ್ರವೂ ಇಂಗ್ಲಿಷಿನಲ್ಲೇ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು, ಆದರೆ ಒಳಗೆ ಬಿಡಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಜ್ಜನ ಕಾಲದಿಂದ ಬಂದ ತೋಟ ಯಾರೋ ಬರೆದ ಒಂದು ಗೆರೆಯಿಂದ ಹೋಗಿಬಿಡುತ್ತದೆ ಅನ್ನುವ ಭಯ ಅದು. ಅವತ್ತು ಬಸ್ಸಿನಲ್ಲಿ ಕೂತು ಬರುವಾಗ ತುಂಬ ಸಂಕಟವಾಯಿತು.

ಮುಂದಿನ ಸಲ ಹೋಗುವಷ್ಟರಲ್ಲಿ ಗೈಡ್ ಮೇಡಂ ಸಹಿ ಮತ್ತು ಸಂಸ್ಥೆಯ ಸೀಲು ಇರುವ ಒಂದು ಪುಟದ ಕನ್ನಡ ಪತ್ರ ಮಾಡಿಸಿಕೊಂಡೆ. ಇದು ಸಂಶೋಧನೆ, ಜಮೀನಿನ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಮಾಲೀಕರ ಹೆಸರು, ಸರ್ವೆ ನಂಬರು ಎಲ್ಲೂ ಪ್ರಕಟಿಸುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಸಿದ್ದೆ. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಟ್ಟು, ಪಿಡಿಒ ಅವರಿಂದ ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಮೊಹರು ಇರುವ ಆ ಕಾಗದ ತೆಗೆದ ಕೂಡಲೇ ಜನ ಮಾತಾಡುವ ರೀತಿಯೇ ಬೇರೆಯಾಯಿತು. ಬೇರೆ ಏನು ಮರೆತರೂ ಪರವಾಗಿಲ್ಲ, ಕನ್ನಡದ ಪತ್ರ ಮರೆಯಬೇಡಿ. ಇನ್ನೊಂದು ವಿಷಯ: ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ನಮ್ಮ ಕೆಲಸಕ್ಕೆ ಬಹಳ ಅನುಕೂಲ. ಆದರೆ ಅದರ ಗೆರೆಯನ್ನು ಯಾರಿಗೂ ‘ಇದೇ ನಿಮ್ಮ ಗಡಿ’ ಅಂತ ತೋರಿಸಬೇಡಿ. ಮರದ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತು ಮೀಟರ್ ಆಚೀಚೆ ಆಗುತ್ತದೆ. ಅಕ್ಕಪಕ್ಕದವರ ನಡುವೆ ಸುಮ್ನೆ ಜಗಳ ಹುಟ್ಟುತ್ತದೆ.

ಮೀಸಲು ಅರಣ್ಯದೊಳಗೆ ಪಾಯಿಂಟ್ (ಜಿಪಿಎಸ್ ಹಿಡಿದು ಗುರುತಿಸಿ, ಅಲ್ಲಿ ಏನಿದೆ ಅಂತ ಬರೆದುಕೊಳ್ಳುವ ಜಾಗ) ತೆಗೆದುಕೊಳ್ಳಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅರ್ಜಿ ಹೋಗಬೇಕಾದದ್ದು ಬೆಂಗಳೂರಿನ ಮಲ್ಲೇಶ್ವರಂನ ಅರಣ್ಯ ಭವನಕ್ಕೆ. ನಿಮ್ಮ ಜಾಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಅಥವಾ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಬರುವುದಾದರೆ 1972ರ ವನ್ಯಜೀವಿ ಕಾಯ್ದೆಯ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನನ್ನದು ಹೆಚ್ಚಾಗಿ ಬಿಸಿಲೆ ಕಡೆಯ ಮೀಸಲು ಅರಣ್ಯದ ಅಂಚು. ಸಿನಾಪ್ಸಿಸ್ ಪ್ರತಿ, ಗೈಡ್ ಪತ್ರ, ಸಂಸ್ಥೆಯ ಮುಖ್ಯಸ್ಥರ ಪತ್ರ, ಹೋಗುವ ಜಾಗಗಳ ಪಟ್ಟಿ, ನಕ್ಷೆ, ಜೊತೆಗೆ ಬರುವವರ ಗುರುತಿನ ಚೀಟಿ, ಇಷ್ಟು ಕೊಟ್ಟೆ. ಕಡತ ಮೇಲಿನಿಂದ ವಿಭಾಗಕ್ಕೆ, ಅಲ್ಲಿಂದ ವಲಯಕ್ಕೆ, ಮತ್ತೆ ಅದೇ ದಾರಿಯಲ್ಲಿ ಮೇಲಕ್ಕೆ ಹೋಗಬೇಕು. ತಿಂಗಳುಗಳೇ ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ‘ಪ್ರೊಸೆಸ್‌ನಲ್ಲಿದೆ’ ಅನ್ನುವ ಒಂದೇ ಉತ್ತರ. ಕಣ್ಣೆದುರು ಬೇಸಿಗೆ ಕಳೆಯುತ್ತಿದ್ದರೆ ಎಷ್ಟು ಚಡಪಡಿಕೆ ಆಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಮಳೆಗಾಲ ಶುರುವಾಗುವಾಗಲೇ ಅರ್ಜಿ ಹಾಕಿ, ಮುಂದಿನ ಮಾರ್ಚ್‌ಗೆ ಕೈಯಲ್ಲಿ ಆದೇಶ ಇರುತ್ತದೆ. ಹೋಗುವಾಗ ವಲಯ ಕಚೇರಿಗೆ ಆದೇಶದ ಪ್ರತಿ ಕೊಟ್ಟು, ಒಬ್ಬ ಗಾರ್ಡ್ ಅಥವಾ ವಾಚರ್ ಜೊತೆಗೇ ಹೋಗಿ.

ಆನೆ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಆಲೂರು, ಸಕಲೇಶಪುರ ಕಡೆ 2014ರಲ್ಲಿ 22 ಆನೆಗಳನ್ನು ಹಿಡಿದು ಬೇರೆಡೆ ಸಾಗಿಸಿದ್ದರು. ಆಮೇಲೂ ಹಿಂಡುಗಳು ಬಂದಿವೆ, ಈಗಲೂ ಹಗಲು ಹೊತ್ತು ಅವು ಇರುವುದು ಹೆಚ್ಚಾಗಿ ತೋಟಗಳಲ್ಲೇ. ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಅಂತ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತಾರೆ. ಆ ಗುಂಪಿಗೆ ಸೇರಿಕೊಳ್ಳಿ, ಅದನ್ನು ನೋಡದೆ ಮನೆ ಬಿಡಬೇಡಿ. ಒಂದು ಬೆಳಿಗ್ಗೆ ತೋಟದ ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಓಡಿ ಬಂದು ‘ಮೇಡಂ, ಹಳ್ಳದ ಕಡೆ ಇಳೀಬೇಡಿ, ಮರಿ ಆನೆ ಇದೆ’ ಅಂದರು. ಹಳ್ಳದ ಬದಿಯ ಕಾಫಿ ಗಿಡಗಳು ಮುರಿದು ಬಿದ್ದಿದ್ದವು, ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಕಾಲು ನಡುಗಿಬಿಟ್ಟಿತು. ಅವತ್ತಿನ ಪಾಯಿಂಟ್‌ಗಳನ್ನೆಲ್ಲ ಬಿಟ್ಟು ವಾಪಸ್ ಬಂದೆ.

ಇನ್ನು ತೋಟ ಮತ್ತು ಕಾಡನ್ನು ಬೇರೆ ಮಾಡಿದ ಬಗೆ. ದಾರಿ ತೋರಿಸಿದ್ದು ಅದೇ ರೈಟರ್. ‘ಮಳೆಗೆ ಮುಂಚೆ ನಾವು ಮರಗಸಿ ಮಾಡ್ತೀವಲ್ಲ ಮೇಡಂ, ಆಗ ಮೇಲಿಂದ ನೋಡಿದ್ರೆ ಕಾಣಲ್ವಾ?’ ಅಂತ ಕೇಳಿದರು. ನೆರಳು ಜಾಸ್ತಿಯಾದರೆ ಮಳೆಗಾಲದಲ್ಲಿ ಗಿಡಕ್ಕೆ ಕೊಳೆರೋಗ, ಅದಕ್ಕೇ ಮುಂಗಾರಿಗೆ ಮೊದಲು ಕೊಂಬೆ ಸವರಿ ಬೆಳಕು ಬಿಡುತ್ತಾರೆ. ಕಾಡಿನಲ್ಲಿ ಯಾರೂ ಕೊಂಬೆ ಸವರುವುದಿಲ್ಲ. ಒಂದೇ ಜಾಗದ ಜನವರಿ ಚಿತ್ರ ಮತ್ತು ಮೇ ತಿಂಗಳ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದೆ. ನಿತ್ಯಹರಿದ್ವರ್ಣ ಕಾಡಿನ ಹಸಿರು ಹೆಚ್ಚು ಬದಲಾಗಿರಲಿಲ್ಲ. ಮರಗಸಿ ಆದ ತೋಟಗಳಲ್ಲಿ ಹಸಿರು ತೆಳುವಾಗಿತ್ತು. ಲ್ಯಾಬಿನಲ್ಲಿ ಕೂತು ಅದನ್ನು ನೋಡಿದಾಗ ಆದ ಸಂತೋಷ ಹೇಳಲಾರೆ. ಆ ರೈಟರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ.

ಆದರೂ ಇದೊಂದರಿಂದಲೇ ಎಲ್ಲ ಬಗೆಹರಿಯುವುದಿಲ್ಲ. ಮೇ ತಿಂಗಳಲ್ಲಿ ಮೋಡವಿಲ್ಲದ ಚಿತ್ರ ಸಿಗುವುದು ಕಷ್ಟ. ಕೆಲವರು ಆ ವರ್ಷ ಮರಗಸಿ ಮಾಡಿಸಿರುವುದೇ ಇಲ್ಲ. ಆಳು ಸಿಗದೆ ಬಿಟ್ಟ ತೋಟಗಳು ಕಾಡಿನ ಹಾಗೇ ಬೆಳೆದಿರುತ್ತವೆ. ಅಂಥ ಕಡೆ ನಡೆದು ಹೋಗಿ ನೋಡುವುದೊಂದೇ ದಾರಿ. ಸಿಲ್ವರ್ ಓಕ್ ಮಾತ್ರ ಇರುವ ತೋಟಗಳು ಬೇಗ ಗೊತ್ತಾಗುತ್ತವೆ, ಸಾಲು ನೇರವಾಗಿರುತ್ತದೆ, ಮೇಲ್ಮೈ ಒಂದೇ ಸಮ ಕಾಣುತ್ತದೆ. ಹಳೆಯ ಕಾಡುಮರಗಳಿಗೆ ಬದಲು ಸಿಲ್ವರ್ ಓಕ್ ಬಂದ ಕಡೆಗಳನ್ನು ನಾನು ಬೇರೆಯದೇ ವರ್ಗವಾಗಿ ತೋರಿಸಿದೆ. ಎರಡಕ್ಕೂ ತೋಟ ಅಂತ ಒಂದೇ ಬಣ್ಣ ಹಾಕಿದ್ದರೆ, ಈ ಪ್ರದೇಶದಲ್ಲಿ ಆಗುತ್ತಿರುವ ದೊಡ್ಡ ಬದಲಾವಣೆ ನಕ್ಷೆಯಲ್ಲಿ ಕಾಣುತ್ತಲೇ ಇರಲಿಲ್ಲ.

ಆಲೂರಿನಿಂದ ಪೂರ್ವಕ್ಕೆ ಬಂದರೆ ಕಷ್ಟ ಬೇರೆ ಥರ. ಆಲೂಗೆಡ್ಡೆ ಬಿತ್ತುವುದು ಮುಂಗಾರಿನ ಹೊತ್ತಿಗೆ, ಕೀಳುವುದು ಮೋಡ ಇರುವಾಗಲೇ. ಮಾಮೂಲಿ ಉಪಗ್ರಹ ಚಿತ್ರದಲ್ಲಿ ಆ ಬೆಳೆ ಇದ್ದದ್ದೇ ಗೊತ್ತಾಗುವುದಿಲ್ಲ. ಅದಕ್ಕೆ ಸೆಂಟಿನೆಲ್ 1ರ ರೇಡಾರ್ ಚಿತ್ರ ಬಳಸಿದೆ, ಅದು ಮೋಡದ ಮೂಲಕವೂ ನೋಡುತ್ತದೆ. ಶುಂಠಿಯದು ಇನ್ನೊಂದು. ಗದ್ದೆ, ಹೊಲವನ್ನು ಗುತ್ತಿಗೆಗೆ ಪಡೆದು ಹಾಕುತ್ತಾರೆ, ಮುಂದಿನ ವರ್ಷ ಬೇರೆ ಜಾಗ. ಅಲ್ಲಿ ‘ಹೋದ ವರ್ಷ ಇಲ್ಲಿ ಏನಿತ್ತು, ಅದಕ್ಕೆ ಮುಂಚೆ ಏನಿತ್ತು’ ಅಂತ ರೈತರನ್ನು ಕೇಳಿ ಬರೆದುಕೊಳ್ಳದಿದ್ದರೆ ಒಂದು ವರ್ಷದ ಚಿತ್ರಕ್ಕೆ ಅರ್ಥವಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ಖರ್ಚು ಓಡಾಟದ್ದು. ತೋಟದ ದಾರಿಗಳಿಗೆ ಜೀಪೇ ಬೇಕು, ಡೀಸೆಲ್ ಸೇರಿ ದಿನಕ್ಕೆ ಮೂರು ಸಾವಿರದ ಹತ್ತಿರ ಆಗುತ್ತಿತ್ತು. ಜೊತೆಗೆ ಬರುವವರಿಗೆ ದಿನಗೂಲಿ ಕೊಡಲೇಬೇಕು, ಅವರ ಒಂದು ದಿನದ ಕೆಲಸ ನಮಗಾಗಿ ಹೋಗುತ್ತದೆ. ಜಿಪಿಎಸ್ ಸಂಸ್ಥೆಯಿಂದ ಎರವಲು ಸಿಕ್ಕಿತು. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದರಿಂದ ಎರಡು ಬೇಸಿಗೆಯ ಓಡಾಟ ಅಪ್ಪನ ಕೈಯಿಂದ ನಡೆಯಿತು. ಬಿಲ್ಲು, ರಸೀದಿ ಎಲ್ಲವನ್ನೂ ಅವತ್ತವತ್ತೇ ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಹಣ ಮಂಜೂರಾಗುವಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಬರೆಯುವ ಹಂತ ಬೇಗ ಹೇಳಿಬಿಡುತ್ತೇನೆ. ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಅಂತ ನೋಡುವ ಸಾಮ್ಯತೆ ಪರೀಕ್ಷೆಯಲ್ಲಿ ಶೇ 10ರೊಳಗೆ ಇರಬೇಕು. ನಕ್ಷೆಗಳನ್ನು ಬಣ್ಣದಲ್ಲೇ ಮುದ್ರಿಸಬೇಕು, ಕಪ್ಪು ಬಿಳುಪಿನಲ್ಲಿ ತೋಟ ಯಾವುದು ಕಾಡು ಯಾವುದು ಗೊತ್ತಾಗುವುದಿಲ್ಲ. ಸಲ್ಲಿಸಿದ ಮೇಲೆ ಪರೀಕ್ಷಕರ ವರದಿ ಬರುವವರೆಗೆ ಮಾಡಲು ಏನೂ ಇರುವುದಿಲ್ಲ, ಕಾಯುವುದಷ್ಟೇ. ಆ ಸಮಯ ಮನಸ್ಸಿಗೆ ಬಹಳ ಭಾರ.

ವೈವಾದಲ್ಲಿ ಹೆಚ್ಚು ಹೊತ್ತು ನಡೆದದ್ದು ನಿಖರತೆಯ ಚರ್ಚೆ. ಯಾವುದು ತೋಟ, ಯಾವುದು ಕಾಡು ಅಂತ ಕಂಪ್ಯೂಟರಿಗೆ ಕಲಿಸಲು ಬಳಸಿದ ಪಾಯಿಂಟ್‌ಗಳು ಯಾವುವು, ಪರೀಕ್ಷಿಸಲು ಬಳಸಿದವು ಯಾವುವು, ಎರಡೂ ಬೇರೆಬೇರೆಯಾ ಅಂತ ಹೊರಗಿನ ಪರೀಕ್ಷಕರು ಕೆದಕಿ ಕೇಳಿದರು. ಪಾಯಿಂಟ್‌ಗಳೆಲ್ಲ ರಸ್ತೆ ಬದಿಯವೇ ಅಂತಲೂ ಕೇಳಿದರು. ಪ್ರತಿ ಪಾಯಿಂಟ್‌ಗೂ ನಾಲ್ಕು ದಿಕ್ಕಿನ ಫೋಟೋ, ತಲೆಯ ಮೇಲಿನ ಹಸಿರಿನ ಒಂದು ಫೋಟೋ, ದಿನಾಂಕ ಇಟ್ಟುಕೊಂಡಿದ್ದೆ. ಸಂದೇಹ ಬಂದ ಪಾಯಿಂಟ್‌ಗಳ ಫೋಟೋ ಒಂದೊಂದಾಗಿ ತೋರಿಸಿದೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಎರಡು ಗುಂಪಿನ ಪಾಯಿಂಟ್‌ಗಳನ್ನು ಫೀಲ್ಡ್ ಪುಸ್ತಕದಲ್ಲೇ ಬೇರೆ ಮಾಡಿಡಿ, ಲ್ಯಾಬಿಗೆ ಬಂದ ಮೇಲೆ ಅಲ್ಲ.

ಈಗ ಊರುವಾರು ನಕ್ಷೆಗಳನ್ನು ದೊಡ್ಡ ಹಾಳೆಯಲ್ಲಿ ಹಾಸನದಲ್ಲಿ ಮುದ್ರಿಸಿ, ಪತ್ರಕ್ಕೆ ಮೊಹರು ಹಾಕಿಕೊಟ್ಟ ಪಂಚಾಯಿತಿಗಳಿಗೆ ಕೊಡುತ್ತಿದ್ದೇನೆ. ಸರ್ವೆ ನಂಬರು ತೆಗೆದುಹಾಕಿದ್ದೇನೆ. ಅಂದು ಗೇಟಿನಲ್ಲಿ ತಡೆದ ಗೌಡರ ಪಂಚಾಯಿತಿಗೂ ಒಂದು ಹೋಗಿದೆ, ಅವರ ಕಡೆಯ ತೋಟಗಳು ಅದರಲ್ಲಿ ತೋಟ ಅಂತಲೇ ಇವೆ. ಪ್ರಬಂಧ ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಜಾಲತಾಣ) ಬರಲು ಇನ್ನೂ ಸ್ವಲ್ಪ ಸಮಯ ಹಿಡಿಯುತ್ತದೆ. ಅಷ್ಟರೊಳಗೆ ಯಗಚಿ ಅಥವಾ ಭದ್ರಾ ನದಿಯ ಕಡೆ ಇದೇ ಕೆಲಸ ಶುರು ಮಾಡುವವರಿಗೆ ಕನ್ನಡ ಪತ್ರದ ನಮೂನೆ, ಟೋಪೋಶೀಟ್ ನಂಬರುಗಳ ಪಟ್ಟಿ, ಹೆಸರು ತೆಗೆದ ಪಾಯಿಂಟ್‌ಗಳು ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ಅರಣ್ಯ ಇಲಾಖೆಯ ಅರ್ಜಿಯನ್ನು ಮಾತ್ರ ಈ ಮಳೆಗಾಲದಲ್ಲೇ ಹಾಕಿಬಿಡಿ.